‘ನಾಳೆಯಿಂದ ಬರಬ್ಯಾಡ್ರಿ’ ಅಂದ ಮೇಲೆ: ಕೆಲಸ ಕಳೆದುಕೊಂಡ ಕಾರ್ಮಿಕರ ಕೇಸು ನಡೆಯುವ ಬಗೆ

ಕೊಪ್ಪಳದ ಬಳಿಯ ಗಿಣಿಗೇರಿ, ಅಲ್ಲಾನಗರ ಸುತ್ತಲಿನ ಸ್ಪಾಂಜ್ ಐರನ್ ಕಾರ್ಖಾನೆಗಳಿರಲಿ, ತೋರಣಗಲ್ಲಿನ ಉಕ್ಕಿನ ಕೆಲಸವಿರಲಿ, ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಗಳಿರಲಿ, ಕಾರ್ಮಿಕನ ಕೈಗೆ ಪತ್ರ ಕೊಟ್ಟು ಕೆಲಸದಿಂದ ತೆಗೆಯುವ ರೂಢಿ ಅಷ್ಟಾಗಿ ಇಲ್ಲ. ಒಂದು ದಿನ ಬೆಳಿಗ್ಗೆ ಪಂಚಿಂಗ್ ಯಂತ್ರ ಬೆರಳು ತಗೊಳ್ಳುವುದಿಲ್ಲ. ಸೆಕ್ಯುರಿಟಿಯವನು ಪಟ್ಟಿ ನೋಡಿ, “ನಿಮ್ಮ ಹೆಸರಿಲ್ರೀ, ಕಾಂಟ್ರಾಕ್ಟರ್ ಹತ್ರ ಕೇಳ್ರಿ” ಅನ್ನುತ್ತಾನೆ. ಕಾಂಟ್ರಾಕ್ಟರ್ ಫೋನ್ ಎತ್ತುವುದಿಲ್ಲ. ಎತ್ತಿದರೂ ಸಿಗುವ ಉತ್ತರ ಒಂದೇ: “ನಾಳೆಯಿಂದ ಬರಬ್ಯಾಡ್ರಿ, ಕೆಲಸ ಬಂದ್ರ ಹೇಳ್ತೀನಿ.”

ಇಲ್ಲಿಂದ ಶುರುವಾಗುವ ವ್ಯಾಜ್ಯ ಹೊರಗಿನವರಿಗೆ ಸರಳವಾಗಿ ಕಾಣುತ್ತದೆ. ತೆಗೆದದ್ದು ಸರಿಯೋ ತಪ್ಪೋ, ಅಷ್ಟೇ ಅಲ್ಲವೇ? ಅಷ್ಟೇ ಅಲ್ಲ. ಆ ಪ್ರಶ್ನೆ ಬರುವುದು ಎಲ್ಲಕ್ಕಿಂತ ಕೊನೆಗೆ. ಅದಕ್ಕೂ ಮೊದಲು ನೀನು ಕಾನೂನಿನ ಪ್ರಕಾರ ಕಾರ್ಮಿಕನೇ, ಯಾರ ಕಾರ್ಮಿಕ, ಎಷ್ಟು ದಿನ ದುಡಿದಿದ್ದೀ, ನಿನ್ನನ್ನು ತೆಗೆದದ್ದಕ್ಕೆ ಸಾಕ್ಷಿ ಏನು ಎಂಬ ಪ್ರಶ್ನೆಗಳು ಸಾಲಾಗಿ ನಿಂತಿರುತ್ತವೆ. ಇವೆಲ್ಲಕ್ಕೂ ಉತ್ತರ ಇರುವುದು ಹಾಜರಿ ಪುಸ್ತಕದಲ್ಲಿ, ಸಂಬಳದ ವಹಿಯಲ್ಲಿ, ಕಾಂಟ್ರಾಕ್ಟಿನ ಫೈಲಿನಲ್ಲಿ. ಆ ಕಾಗದ ಇರುವುದು ಮಾಲೀಕನ ಬೀರುವಿನಲ್ಲಿ. ರುಜುವಾತು ಮಾಡುವ ಭಾರ ಇರುವುದು ಕಾರ್ಮಿಕನ ಹೆಗಲ ಮೇಲೆ. ಇಂಥ ಕೇಸುಗಳ ನಿಜವಾದ ತೊಡಕು ಇದು. ನ್ಯಾಯ ಯಾರ ಕಡೆಗಿದೆ ಎಂಬುದಕ್ಕಿಂತ ಕಾಗದ ಯಾರ ಕಡೆಗಿದೆ ಎಂಬುದರ ಮೇಲೆ ಎಷ್ಟೋ ಕೇಸು ತೀರ್ಮಾನವಾಗುತ್ತವೆ.

ಯಾವ ಕಾನೂನು, ಯಾವ ಆಫೀಸು

1947ರ ಕೈಗಾರಿಕಾ ವಿವಾದಗಳ ಕಾಯ್ದೆ ಮುಕ್ಕಾಲು ಶತಮಾನ ಈ ಜಗಳಗಳನ್ನು ಆಳಿತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಸೆಕ್ಷನ್ ಸಂಖ್ಯೆಗಳು ಬದಲಾದವು, ಕೆಲವು ಮಿತಿಗಳು ಮಾಲೀಕರಿಗೆ ಅನುಕೂಲವಾಗುವಂತೆ ಸಡಿಲಾದವು, ಆದರೆ ಒಳಗಿನ ಎಲುಬಿನ ಹಂದರ ಬಹುಪಾಲು ಹಳೆಯದೇ. ಹಾಗಾಗಿ ಹಳೆ ಕಾಯ್ದೆಯಡಿ ಸುಪ್ರೀಂ ಕೋರ್ಟ್ ಹೇಳಿದ ಮಾತುಗಳನ್ನು ವಕೀಲರು ಈಗಲೂ ಎತ್ತಿ ಓದುತ್ತಾರೆ.

ಯಾವ ಆಫೀಸಿಗೆ ಹೋಗಬೇಕು ಎಂಬಲ್ಲೇ ನಮ್ಮ ಕಡೆಯ ಜನ ಎಡವುತ್ತಾರೆ. ಸಂಡೂರು ತಾಲ್ಲೂಕಿನ ಒಂದೇ ಓಣಿಯಲ್ಲಿ ಇಬ್ಬರಿದ್ದಾರೆ ಅಂದುಕೊಳ್ಳಿ. ಒಬ್ಬ ಕಬ್ಬಿಣದ ಅದಿರಿನ ಗಣಿಯಲ್ಲಿ, ಇನ್ನೊಬ್ಬ ತೋರಣಗಲ್ಲಿನ ಖಾಸಗಿ ಕಾರ್ಖಾನೆಯಲ್ಲಿ. ಇಬ್ಬರನ್ನೂ ಒಂದೇ ವಾರ ತೆಗೆದರೂ ದಾರಿ ಬೇರೆ ಬೇರೆ. ಗಣಿ ವಿವಾದ ಕೇಂದ್ರ ಸರ್ಕಾರದ ವ್ಯಾಪ್ತಿಗೆ ಬರುತ್ತದೆ, ಅಲ್ಲಿ ಸಂಧಾನಕ್ಕೆ ಕೂರುವವರು ಕೇಂದ್ರದ ಕಾರ್ಮಿಕ ಅಧಿಕಾರಿಗಳು. ಖಾಸಗಿ ಕಾರ್ಖಾನೆಯವನು ಹೋಗಬೇಕಾದದ್ದು ರಾಜ್ಯದ ಕಾರ್ಮಿಕ ಇಲಾಖೆಗೆ. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ ರಾಜ್ಯ ಸರ್ಕಾರದ್ದೇ ಕಂಪನಿ, ಆದರೂ ಗಣಿ ಎನ್ನುವ ಕಾರಣಕ್ಕೆ ಅದರ ದಾರಿ ಕೇಂದ್ರದ ಕಡೆಗೆ. ತಪ್ಪು ಆಫೀಸಿನಲ್ಲಿ ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಕಾದು, ಆಮೇಲೆ “ಇದು ನಮಗೆ ಬರೂದಿಲ್ರೀ” ಅನ್ನಿಸಿಕೊಳ್ಳುವುದು ಹೊಸ ಮಾತಲ್ಲ.

ಲೇಬರ್ ಆಫೀಸರ್ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಸಂಧಾನದಲ್ಲಿ ಕೂತ ಅಧಿಕಾರಿ ಎರಡೂ ಕಡೆಯವರನ್ನು ಕರೆದು ಮಾತಾಡಿಸಬಲ್ಲರು, ಒಪ್ಪಂದ ಮಾಡಿಸಬಲ್ಲರು. ‘ಇವನನ್ನು ವಾಪಸ್ ತಗೋ’ ಎಂದು ಆದೇಶಿಸುವ ಅಧಿಕಾರ ಅವರಿಗಿಲ್ಲ. ಕಂಪನಿಯ ಎಚ್‌ಆರ್ ಮೂರು ದಿನಾಂಕಕ್ಕೆ ಬಾರದೆ ನಾಲ್ಕನೆಯದಕ್ಕೆ ಬಂದು “ಸಮಯ ಬೇಕು” ಎಂದರೂ ಅಧಿಕಾರಿ ಹಾಜರಾಗಲೇಬೇಕೆಂದು ಕಟ್ಟುನಿಟ್ಟು ಮಾಡಬಹುದೇ ಹೊರತು ಕೇಸನ್ನು ತೀರ್ಮಾನಿಸಲಾಗದು. ಆದರೂ ಈ ಹಂತ ತಪ್ಪಿಸಿಕೊಳ್ಳುವಂತಿಲ್ಲ. ಸಂಧಾನಕ್ಕೆ ಅರ್ಜಿ ಕೊಟ್ಟು 45 ದಿನ ಕಳೆದರೆ ಕೆಲಸದಿಂದ ತೆಗೆಯಲ್ಪಟ್ಟವನು ಯಾರ ಶಿಫಾರಸೂ ಇಲ್ಲದೆ, ಸಂಘವೂ ಇಲ್ಲದೆ, ತಾನೇ ನೇರವಾಗಿ ಕೈಗಾರಿಕಾ ನ್ಯಾಯಮಂಡಳಿಗೆ, ಜನರ ಬಾಯಲ್ಲಿ ‘ಕೋರ್ಟಿಗೆ’, ಹೋಗಬಹುದು. ಮೊದಲು ಇದಕ್ಕೆ 3 ವರ್ಷದ ಗಡುವಿತ್ತು. ಹೊಸ ಸಂಹಿತೆ ಅದನ್ನು 2 ವರ್ಷಕ್ಕೆ ಇಳಿಸಿದೆ. “ಇವತ್ತಲ್ಲ ನಾಳೆ ಕರೀತಾರ” ಎಂದು ಕಾಂಟ್ರಾಕ್ಟರ್ ಮಾತು ನಂಬಿ ಕೂತವರಿಗೆ ಈ ಒಂದು ವರ್ಷದ ಕಡಿತ ದುಬಾರಿಯಾದೀತು.

ಗೇಟಿನ ಹೊರಗೆ ನಿಂತವನು ‘ಬಿಟ್ಟು ಹೋದವನು’ ಆಗುವ ಕತೆ

ಪತ್ರ ಕೊಡದೆ ತೆಗೆದಾಗ ಕೋರ್ಟಿನಲ್ಲಿ ಕಂಪನಿಯ ಮೊದಲ ವಾದ ಯಾವುದಿರುತ್ತದೆ ಗೊತ್ತೇ? “ನಾವು ತೆಗೆದೇ ಇಲ್ಲ. ಅವನೇ ಬರೋದು ಬಿಟ್ಟ.” ಹಾಜರಿ ಪುಸ್ತಕದಲ್ಲಿ ಆ ದಿನದಿಂದ ಗೈರು ಎಂದೇ ಬಿದ್ದಿರುತ್ತದೆ, ಯಾಕೆಂದರೆ ಬೆರಳು ಒತ್ತಲು ಅವನನ್ನು ಒಳಗೇ ಬಿಟ್ಟಿಲ್ಲ. ಕಂಪನಿಯ ಸ್ಥಾಯಿ ಆದೇಶಗಳಲ್ಲಿ, ಅಂದರೆ ಕೆಲಸದ ಷರತ್ತುಗಳ ನಿಯಮಾವಳಿಯಲ್ಲಿ, ಇಷ್ಟು ದಿನ ಹೇಳದೆ ಕೇಳದೆ ಗೈರಾದರೆ ಕೆಲಸದ ಮೇಲಿನ ಹಕ್ಕು ತಾನಾಗಿಯೇ ಹೋಗುತ್ತದೆ ಎಂಬ ಸಾಲೂ ಇರಬಹುದು.

1993ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದದ್ದು ಥೇಟ್ ಇದೇ. ಜೆಎಂಎ ಇಂಡಸ್ಟ್ರೀಸ್ ಪ್ರಕರಣ ಎಂದು ಅದಕ್ಕೆ ಹೆಸರು. ಎಂಟು ದಿನಕ್ಕಿಂತ ಹೆಚ್ಚು ಗೈರಾದದ್ದರಿಂದ ಕೆಲಸ ತಾನಾಗಿ ಹೋಯಿತು ಎಂದು ಕಂಪನಿ. ದಿನಾ ಬರುತ್ತಿದ್ದೆ, ಗೇಟಿನಲ್ಲೇ ತಡೆಯುತ್ತಿದ್ದರು ಎಂದು ಕಾರ್ಮಿಕ. ಬರೆದ ನಿಯಮ ಇದ್ದರೂ ಕೇಳದೆ, ವಿಚಾರಣೆ ಮಾಡದೆ ಒಬ್ಬನ ಹೊಟ್ಟೆಪಾಡು ಕಸಿಯುವಂತಿಲ್ಲ, ಅದು ಸಂವಿಧಾನದ 14 ಮತ್ತು 21ನೇ ವಿಧಿಗೇ ವಿರುದ್ಧ ಎಂದಿತು ಕೋರ್ಟು. ಅವನನ್ನು ಶೇ 50 ಹಿಂಬಾಕಿ ಸಂಬಳದೊಂದಿಗೆ ವಾಪಸ್ ತೆಗೆದುಕೊಳ್ಳಬೇಕಾಯಿತು.

ತೀರ್ಪು ಒಳ್ಳೆಯದೇ. ಆದರೆ ಅದರ ಲಾಭ ಪಡೆಯಬೇಕಾದರೆ ‘ನಾನು ಬಂದಿದ್ದೆ’ ಎಂಬುದಕ್ಕೆ ಏನಾದರೂ ಒಂದು ಗುರುತು ಬೇಕು. ಅದಕ್ಕೇ ಅನುಭವಸ್ಥ ಸಂಘದವರು ಗೇಟ್ ಬಂದ್ ಆದ ಮರುದಿನವೇ ಒಂದು ಪತ್ರ ಹಾಕಿಸುತ್ತಾರೆ: ‘ಇಂಥ ತಾರೀಖು ಇಂಥ ಪಾಳಿಗೆ ಬಂದೆ, ಒಳಗೆ ಬಿಡಲಿಲ್ಲ, ಕೆಲಸ ಮಾಡಲು ಸಿದ್ಧನಿದ್ದೇನೆ.’ ನಾಲ್ಕು ಸಾಲು ಸಾಕು, ಕನ್ನಡದಲ್ಲೇ ಸಾಕು. ಸ್ಪೀಡ್ ಪೋಸ್ಟಿನ ರಸೀದಿ ಮತ್ತು ಪತ್ರದ ನಕಲು ಮನೆಯಲ್ಲಿರಬೇಕು. ಆರು ತಿಂಗಳ ಮೇಲೆ ವಕೀಲರು ಇಂಗ್ಲಿಷಿನಲ್ಲಿ ಕಳಿಸುವ ನಾಲ್ಕು ಪುಟದ ನೋಟಿಸಿಗಿಂತ ಈ ನಾಲ್ಕು ಸಾಲಿಗೆ ಬೆಲೆ ಜಾಸ್ತಿ ಎಂದೇ ನನ್ನ ಎಣಿಕೆ.

ಇದರ ಇನ್ನೊಂದು ಮುಖ ರಾಜೀನಾಮೆ. ಬಾಕಿ ಸಂಬಳ ಕೊಡುವಾಗ ‘ಫುಲ್ ಅಂಡ್ ಫೈನಲ್’ ಎಂದು ಮುದ್ರಿಸಿದ ಹಾಳೆಗೆ ಸಹಿ ತಗೊಳ್ಳುತ್ತಾರೆ, ಅದರ ಕೆಳಗೆ ‘ಸ್ವಂತ ಕಾರಣಕ್ಕೆ ಬಿಡುತ್ತಿದ್ದೇನೆ’ ಎಂದಿರುತ್ತದೆ. ಹತ್ತು ಹನ್ನೆರಡು ಜನರ ರಾಜೀನಾಮೆ ಒಂದೇ ತಾರೀಖಿನಲ್ಲಿ, ಒಂದೇ ಕೈಬರಹದಲ್ಲಿ, ಸಹಿ ಮಾತ್ರ ಬೇರೆ ಬೇರೆಯಾಗಿ ಕಂಡರೆ ನ್ಯಾಯಾಧೀಶರಿಗೂ ಸಂಶಯ ಬಂದೇ ಬರುತ್ತದೆ. ಒಬ್ಬನದೇ ಆಗಿದ್ದರೆ ಕಷ್ಟ. ಬಾಕಿ ಸಂಬಳಕ್ಕೂ ರಾಜೀನಾಮೆಗೂ ಸಂಬಂಧವೇ ಇಲ್ಲ. ಹೊಸ ವೇತನ ಸಂಹಿತೆಯ ಪ್ರಕಾರ, ತೆಗೆದರೂ ಬಿಟ್ಟರೂ 2 ಕೆಲಸದ ದಿನಗಳೊಳಗೆ ದುಡಿದ ಸಂಬಳ ಕೈಗೆ ಬರಬೇಕು.

240ರ ಲೆಕ್ಕ

ಹಿಂದಿನ 12 ತಿಂಗಳಲ್ಲಿ 240 ದಿನ ದುಡಿದಿದ್ದರೆ ಒಂದು ವರ್ಷದ ನಿರಂತರ ಸೇವೆ ಎಂದು ಕಾನೂನು ಒಪ್ಪುತ್ತದೆ. ನೋಟಿಸು, ಪರಿಹಾರ ಎಲ್ಲಕ್ಕೂ ಇದೇ ಬಾಗಿಲು. ನೆಲದಡಿ ಗಣಿಯಲ್ಲಿ ದುಡಿಯುವವರಿಗೆ 190 ದಿನ ಸಾಕು. ಹಟ್ಟಿಯಲ್ಲಿ ಕೆಳಗಿಳಿಯುವವನಿಗೂ ಮೇಲೆ ಮಿಲ್ಲಿನಲ್ಲಿ ನಿಲ್ಲುವವನಿಗೂ ಈ ಲೆಕ್ಕ ಬೇರೆ. ಸಂಬಳ ಸಿಗುವ ವಾರದ ರಜೆ, ಹಬ್ಬದ ರಜೆಗಳನ್ನೂ ಎಣಿಸಬೇಕು ಎಂದು 1985ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 239ಕ್ಕೆ ನಿಲ್ಲಿಸಿ ಎರಡು ವಾರ ಮನೆಗೆ ಕಳಿಸಿ ಮತ್ತೆ ಕರೆಯುವ ಜಾಣತನ ಯಾಕೆ ಹುಟ್ಟಿತು ಎಂಬುದು ಈಗ ಗೊತ್ತಾಗಿರಬೇಕು.

240 ದಿನ ದುಡಿದೆ ಎಂದು ತೋರಿಸುವುದು ಯಾರ ಕೆಲಸ? ಇದನ್ನು ತೀರ್ಮಾನಿಸಿದ ಎರಡು ದೊಡ್ಡ ಪ್ರಕರಣಗಳೂ ಕರ್ನಾಟಕದ್ದೇ. 2002ರಲ್ಲಿ ಅರಣ್ಯ ಇಲಾಖೆಯ ದಿನಗೂಲಿಯವನೊಬ್ಬನ ಕೇಸಿನಲ್ಲಿ ಸುಪ್ರೀಂ ಕೋರ್ಟು, ಕಾರ್ಮಿಕನೇ ತೋರಿಸಬೇಕು, ಬರೀ ಅಫಿಡವಿಟ್ ಸಾಲದು ಎಂದಿತು. ಆ ತೀರ್ಪು ಹಿಡಿದು ಎಷ್ಟು ಅರ್ಜಿ ವಜಾ ಆದವೋ ದೇವರೇ ಬಲ್ಲ. 2005ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಸರ್ಕಾರಿ ಇಂಜಿನಿಯರಿಂಗ್ ಉಪವಿಭಾಗದ ದಿನಗೂಲಿ ನೌಕರನ ಕೇಸಿನಲ್ಲಿ ಅದನ್ನು ಸ್ವಲ್ಪ ಮೆತ್ತಗೆ ಮಾಡಿತು. ದಿನಗೂಲಿಗೆ ನೇಮಕ ಪತ್ರವೂ ಇಲ್ಲ, ರಸೀದಿಯೂ ಇಲ್ಲ. ಹಾಗಿರುವಾಗ ಅವನು ಕಟೆಕಟೆ ಹತ್ತಿ ಸಾಕ್ಷಿ ಹೇಳಿ, ಹಾಜರಿ ಪಟ್ಟಿ, ಸಂಬಳದ ವಹಿ ತರಿಸಿ ಎಂದು ಕೇಳಿಕೊಳ್ಳಬಹುದು. ಆಗಲೂ ಮಾಲೀಕ ಕೊಡದಿದ್ದರೆ ಅದನ್ನು ಮಾಲೀಕನ ವಿರುದ್ಧ ಎಣಿಸಬೇಕೋ ಬೇಡವೋ ಎಂಬುದು ಆಯಾ ಪ್ರಕರಣದ ಸಂಗತಿಗೆ ಬಿಟ್ಟದ್ದು. ಆ ನೌಕರನನ್ನು ಉಳಿಸಿದ್ದರಲ್ಲಿ ಹಿಂದಿನ ಅಧಿಕಾರಿಯೊಬ್ಬರು ಬರೆದುಕೊಟ್ಟ ಸೇವಾ ಪ್ರಮಾಣಪತ್ರದ ಪಾಲೂ ದೊಡ್ಡದು.

ಹಾಗಾದರೆ ಕಾರ್ಮಿಕನ ಕೈಯಲ್ಲಿ ಏನಿರುತ್ತದೆ? ಇಎಸ್‌ಐ ಕಾರ್ಡಿದ್ದರೆ ವಂತಿಗೆಯ ವಿವರ ತೆಗೆಸಬೇಕು. ಕಂಪನಿಯೇ ಪ್ರತಿ ತಿಂಗಳು ತುಂಬುವ ಆ ಪಟ್ಟಿಯಲ್ಲಿ ಎಷ್ಟು ದಿನಕ್ಕೆ ಸಂಬಳ ಕೊಟ್ಟಿದೆ ಎಂಬ ಅಂಕಿಯೇ ಇರುತ್ತದೆ, ಕಂಪನಿ ಅದನ್ನು ಅಲ್ಲಗಳೆಯುವುದು ಕಷ್ಟ. ಪಿಎಫ್ ಪಾಸ್‌ಬುಕ್, ಬ್ಯಾಂಕಿಗೆ ಸಂಬಳ ಬಿದ್ದ ಸ್ಟೇಟ್‌ಮೆಂಟ್, ಗೇಟ್ ಪಾಸ್, ಸುರಕ್ಷತಾ ತರಬೇತಿಯ ಕಾರ್ಡು, ಪಾಳಿ ಹಂಚಿಕೆಯ ವಾಟ್ಸ್ಯಾಪ್ ಸಂದೇಶ. ಒಂದೊಂದೇ ನೋಡಿದರೆ ಏನೂ ಅಲ್ಲ, ಕೂಡಿಸಿದರೆ ಸಾಕ್ಷಿ.

ಯಾರ ಆಳು?

ಗುತ್ತಿಗೆ ಕಾರ್ಮಿಕರ ಕೇಸುಗಳಲ್ಲಿ ಎಲ್ಲಕ್ಕಿಂತ ಗೋಜಲು ಇದು. ಒಬ್ಬನ ಪಿಎಫ್ ಪಾಸ್‌ಬುಕ್ ತೆರೆಯಿರಿ. ಎಂಟು ವರ್ಷ ಅದೇ ಕಿಲ್ನ್ ಪಕ್ಕ ನಿಂತು ಅದೇ ಕೆಲಸ ಮಾಡಿದವನಿಗೆ ಸಂಸ್ಥೆಯ ಹೆಸರು ಮಾತ್ರ ನಾಲ್ಕು ಸಲ ಬದಲಾಗಿರುತ್ತದೆ. ಕಾಂಟ್ರಾಕ್ಟರ್ ಹೋದ, ಹೊಸಬ ಬಂದ, ಆಳು ಅಲ್ಲೇ ಇದ್ದ. ತೆಗೆದಾಗ ಕಂಪನಿ ಅನ್ನುತ್ತದೆ: ನಮ್ಮ ಆಳಲ್ಲ. ಕಾಂಟ್ರಾಕ್ಟರ್ ಅನ್ನುತ್ತಾನೆ: ನನ್ನ ಹತ್ತಿರ ಇದ್ದದ್ದು ಹನ್ನೊಂದೇ ತಿಂಗಳು.

2001ರ ಸ್ಟೀಲ್ ಅಥಾರಿಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದಕ್ಕೆ ಗೆರೆ ಹಾಕಿತು. ಗುತ್ತಿಗೆ ಪದ್ಧತಿಯನ್ನು ಸರ್ಕಾರ ನಿಷೇಧಿಸಿದರೂ ಕಾರ್ಮಿಕ ತಾನಾಗಿಯೇ ಕಂಪನಿಯ ನೌಕರನಾಗುವುದಿಲ್ಲ. ಆದರೆ ಗುತ್ತಿಗೆ ಎಂಬುದು ಬರೀ ತೋರಿಕೆಗೆ ಹೊದಿಸಿದ ಪರದೆಯಾಗಿದ್ದರೆ, ಪರದೆ ಸರಿಸಿ ಅವನು ಕಂಪನಿಯ ನೇರ ನೌಕರನೇ ಎಂದು ಹೇಳಬಹುದು. ಪರದೆಯೋ ನಿಜವೋ ಎಂದು ತಿಳಿಯಲು ಕೋರ್ಟು ಕೇಳುವುದು ಸಾದಾ ಪ್ರಶ್ನೆಗಳನ್ನೇ. ಕೆಲಸಕ್ಕೆ ಆರಿಸಿದ್ದು ಯಾರು? ಸಂಬಳ ಎಲ್ಲಿಂದ ಬರುತ್ತದೆ? ರಜೆ ಕೊಡುವವರು ಯಾರು? ಇವತ್ತು ಕೂಲರ್ ಕಡೆ ಹೋಗು, ನಾಳೆ ಕನ್ವೇಯರ್ ಕಡೆ ಬಾ ಎಂದು ಹೇಳುವವನು ಕಂಪನಿಯ ಶಿಫ್ಟ್ ಇನ್‌ಚಾರ್ಜೋ, ಕಾಂಟ್ರಾಕ್ಟರನ ಮೇಸ್ತ್ರಿಯೋ? ಇಲ್ಲಿ ಗೆಲ್ಲುವುದು ಸುಲಭವಲ್ಲ. ಮೇಸ್ತ್ರಿಯೊಬ್ಬನನ್ನು ನಿಲ್ಲಿಸಿ, ರಜೆ ಚೀಟಿಗೆ ಅವನ ಸಹಿ ಹಾಕಿಸಿ, ಕಾಗದ ಸರಿಮಾಡಿಕೊಳ್ಳುವುದನ್ನು ಕಂಪನಿಗಳು ಯಾವತ್ತೋ ಕಲಿತಿವೆ. ಒಂದು ಮಾತ್ರ ಗಟ್ಟಿ: ಕಾಂಟ್ರಾಕ್ಟರ್ ಸಂಬಳ ಕೊಡದೆ ಕೈಯೆತ್ತಿದರೆ ಆ ಬಾಕಿಗೆ ಮೂಲ ಮಾಲೀಕನೇ, ಅಂದರೆ ಕಂಪನಿಯೇ, ಹೊಣೆ.

ಹೆಸರಿಗೆ ‘ಸೂಪರ್‌ವೈಸರ್’ ಆದವರ ಗೋಳು ಇನ್ನೊಂದು. ಮೇಲ್ವಿಚಾರಣೆ ಮಾಡುವವನ ಸಂಬಳ ತಿಂಗಳಿಗೆ 18,000 ರೂಪಾಯಿ ದಾಟಿದರೆ ಅವನು ಹೊಸ ಸಂಹಿತೆಯ ಕಾರ್ಮಿಕನಲ್ಲ; ಹಿಂದೆ ಈ ಮಿತಿ 10,000 ಇತ್ತು. ಆದರೆ ಕೋರ್ಟು ನೋಡುವುದು ಹುದ್ದೆಯ ಹೆಸರನ್ನಲ್ಲ, ಕೈಯಿಂದ ನಡೆಯುತ್ತಿದ್ದ ಕೆಲಸವನ್ನು. ದಿನವಿಡೀ ತಾನೇ ಯಂತ್ರ ನಡೆಸುತ್ತಿದ್ದವನು ಸಂಬಳ ಎಷ್ಟಿದ್ದರೂ ಕಾರ್ಮಿಕನೇ.

ಕಡಿತವೋ, ಶಿಕ್ಷೆಯೋ, ಬೀಗವೋ

ತೆಗೆದದ್ದು ಹೌದು ಎಂದಾದ ಮೇಲೆ ಯಾವ ಬಗೆ ಎಂಬ ಪ್ರಶ್ನೆ. ಆರ್ಡರ್ ಕಡಿಮೆಯಾಯಿತು, ಜನ ಜಾಸ್ತಿಯಾದರು ಎಂದು ತೆಗೆದರೆ ಅದು ಕಡಿತ, ಕಾರ್ಮಿಕರ ಬಾಯಲ್ಲಿ ‘ರಿಟ್ರೆಂಚ್‌ಮೆಂಟ್’. ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ, ಪ್ರತಿ ಸೇವಾ ವರ್ಷಕ್ಕೆ 15 ದಿನದ ಸರಾಸರಿ ಸಂಬಳ, ಸರ್ಕಾರಕ್ಕೆ ತಿಳಿವಳಿಕೆ. ಹತ್ತು ಹೊಲಿಗೆ ಯಂತ್ರದ ಘಟಕಕ್ಕೂ ಇದು ಅನ್ವಯ. ಆಯಾ ವರ್ಗದಲ್ಲಿ ಕೊನೆಗೆ ಸೇರಿದವನು ಮೊದಲು ಹೋಗಬೇಕು. ಒಂದು ವರ್ಷದೊಳಗೆ ಮತ್ತೆ ಜನ ಬೇಕಾದರೆ ತೆಗೆದವರನ್ನೇ ಮೊದಲು ಕೇಳಬೇಕು. ಹಳಬರನ್ನು ಕಳಿಸಿ ಮರುವಾರವೇ ಹೊರರಾಜ್ಯದ ಹುಡುಗರನ್ನು ಕಡಿಮೆ ಕೂಲಿಗೆ ತುಂಬಿಕೊಂಡರೆ ‘ಕೆಲಸವಿಲ್ಲ’ ಎಂಬ ವಾದ ಅಲ್ಲಿಗೇ ಬಿತ್ತು.

ಲೆಕ್ಕ ಹಾಕಿಯೇ ನೋಡೋಣ. ತಿಂಗಳಿಗೆ 15,600 ರೂಪಾಯಿ ಸಂಬಳ, 9 ವರ್ಷ 8 ತಿಂಗಳ ಸೇವೆ. ಆರು ತಿಂಗಳು ಮೀರಿದ ಭಾಗವೂ ಒಂದು ವರ್ಷವೇ, ಅಂದರೆ 10. ವರ್ಷಕ್ಕೆ ಅರ್ಧ ತಿಂಗಳ ಸಂಬಳ 7,800ರಂತೆ 78,000. ನೋಟಿಸು ಕೊಡದಿದ್ದರೆ ಅದಕ್ಕೆ 15,600. ಗ್ರಾಚ್ಯುಟಿ ಬೇರೆ, ಅದರ ಸೂತ್ರದಲ್ಲಿ ತಿಂಗಳಿಗೆ 26 ದಿನ, ಹಾಗಾಗಿ ದಿನಕ್ಕೆ 600, 15 ದಿನಕ್ಕೆ 9,000, ಹತ್ತು ವರ್ಷಕ್ಕೆ 90,000. ಒಟ್ಟು 1,83,600. ಹೊಸ ಸಂಹಿತೆಯ ಮರುತರಬೇತಿ ನಿಧಿಯಿಂದ ಇನ್ನೂ 15 ದಿನದ ಸಂಬಳ ಕಾರ್ಮಿಕನ ಖಾತೆಗೆ ಬರಬೇಕು. “ಐವತ್ತು ಸಾವಿರ ತಗೊಂಡು ಸಹಿ ಮಾಡ್ರಿ, ಕೋರ್ಟು ಕಚೇರಿ ಯಾಕ” ಎನ್ನುವ ಮಾತು ಕಿವಿಗೆ ಬಿದ್ದಾಗ ಈ ಅಂಕಿ ತಲೆಯಲ್ಲಿರಬೇಕು.

ದೊಡ್ಡ ಕಾರ್ಖಾನೆಯಾದರೆ ಕಡಿತಕ್ಕೂ ಬೀಗಕ್ಕೂ ಸರ್ಕಾರದ ಪೂರ್ವಾನುಮತಿ ಬೇಕು. ‘ದೊಡ್ಡ’ ಎಂದರೆ ಮೊದಲು 100 ಕಾರ್ಮಿಕರು, ಈಗ 300. ನಮ್ಮ ಕಡೆಯ ಮಧ್ಯಮ ಗಾತ್ರದ ಘಟಕಗಳು ಈ ಬದಲಾವಣೆಯಿಂದ ಅನುಮತಿಯ ಬೇಲಿಯ ಆಚೆ ಜಿಗಿದಿವೆ. ಅವಕ್ಕೆ ಬೀಗ ಹಾಕಲು 60 ದಿನದ ನೋಟಿಸು ಸಾಕು, ಅದೂ 50 ಜನರಿದ್ದರೆ. 2011ರ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿದಾಗ ಅದಿರನ್ನೇ ನಂಬಿದ ಊರುಗಳ ಕಥೆ ಏನಾಯಿತೆಂದು ಕಂಡವರಿಗೆ ‘ಬೀಗ’ ಎಂದರೆ ಏನೆಂದು ವಿವರಿಸಬೇಕಿಲ್ಲ.

ಕಳ್ಳತನ, ರಾತ್ರಿಪಾಳಿಯಲ್ಲಿ ನಿದ್ದೆ, ಮೇಲಿನವರ ಮೇಲೆ ಕೈ ಮಾಡಿದ್ದು, ಇಂಥ ಆರೋಪದ ಮೇಲೆ ತೆಗೆದರೆ ಅದು ಶಿಕ್ಷೆ. ಅದಕ್ಕೆ ಆರೋಪ ಪಟ್ಟಿ, ಉತ್ತರ, ವಿಚಾರಣೆ, ಸಾಕ್ಷಿಗಳನ್ನು ಎದುರು ಪ್ರಶ್ನಿಸುವ ಅವಕಾಶ ಬೇಕು. ಅಮಾನತಿನಲ್ಲಿಟ್ಟರೆ ಮೊದಲ 90 ದಿನ ಅರ್ಧ ಸಂಬಳ, ವಿಳಂಬ ಕಾರ್ಮಿಕನದಲ್ಲದಿದ್ದರೆ ಆಮೇಲೆ ಶೇ 75. ಈ ಭತ್ಯೆ ಕೊಡದೆ ವಿಚಾರಣೆ ನಡೆಸುವುದು ಎಷ್ಟು ದೊಡ್ಡ ತಪ್ಪು ಎಂದು ಹೇಳಿದ್ದು ಕೋಲಾರದ ಭಾರತ್ ಗೋಲ್ಡ್ ಮೈನ್ಸ್‌ನ ನೌಕರನೊಬ್ಬನ 1999ರ ಕೇಸು. ಕೈಯಲ್ಲಿ ಕಾಸಿಲ್ಲದೆ ವಿಚಾರಣೆಗೆ ಬರಲಾಗದವನನ್ನು ‘ಗೈರು’ ಎಂದು ಬರೆದು ವಜಾ ಮಾಡಿದ್ದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಸಂಧಾನವೋ ಕೇಸೋ ಬಾಕಿ ಇರುವಾಗ ಆ ವಿವಾದಕ್ಕೆ ಸಂಬಂಧಿಸಿದ ಕಾರ್ಮಿಕನನ್ನು ಬೇರೆ ಆರೋಪದ ಮೇಲೆ ವಜಾ ಮಾಡಿದರೂ ಒಂದು ತಿಂಗಳ ಸಂಬಳ ಕೊಟ್ಟು ಆ ಅಧಿಕಾರಿಯ ಅಥವಾ ನ್ಯಾಯಮಂಡಳಿಯ ಅನುಮೋದನೆ ಕೇಳಬೇಕು. ಕೇಳದಿದ್ದರೆ ವಜಾ ಆದೇಶ ಇದ್ದೂ ಇಲ್ಲದಂತೆ ಎಂದು 2002ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಸಂಘ ಕಟ್ಟಿದವರನ್ನು ಒಬ್ಬೊಬ್ಬರನ್ನಾಗಿ ಹೊರಹಾಕುವಾಗ ಮಾಲೀಕರು ಸಿಕ್ಕಿಬೀಳುವುದು ಹೆಚ್ಚಾಗಿ ಈ ಜಾಗದಲ್ಲೇ.

ಕೋರ್ಟಿನೊಳಗೆ

ಶಿಕ್ಷೆಯ ಕೇಸಿನಲ್ಲಿ ಕೋರ್ಟು ಮೊದಲು ನೋಡುವುದು ಕಂಪನಿ ನಡೆಸಿದ ವಿಚಾರಣೆ ನ್ಯಾಯವಾಗಿತ್ತೇ ಎಂದು. ಅಲ್ಲ ಎಂದಾದರೆ ಕಾರ್ಮಿಕರು ಕೇಸು ಗೆದ್ದೆವೆಂದು ಪೇಢೆ ಹಂಚಿಬಿಡುತ್ತಾರೆ. ಅವಸರ ಬೇಡ. ಮೊದಲೇ ಕೇಳಿಕೊಂಡಿದ್ದರೆ ಕಂಪನಿ ಕೋರ್ಟಿನ ಮುಂದೆಯೇ ಹೊಸದಾಗಿ ಸಾಕ್ಷಿ ಹಾಕಿ ಆರೋಪ ರುಜುವಾತು ಮಾಡಬಹುದು. ಆರೋಪ ನಿಜವೆಂದೇ ಆದರೂ ಶಿಕ್ಷೆ ವಿಪರೀತವೆನಿಸಿದರೆ ಅದನ್ನು ಇಳಿಸುವ ಅಧಿಕಾರ ಕೋರ್ಟಿಗಿದೆ. ಹತ್ತು ವರ್ಷ ಕಪ್ಪುಚುಕ್ಕೆಯಿಲ್ಲದೆ ದುಡಿದವನನ್ನು ಒಂದು ರಾತ್ರಿಯ ನಿದ್ದೆಗೆ ವಜಾ ಮಾಡಿದ್ದರೆ, ವಾರ್ಷಿಕ ವೇತನ ಬಡ್ತಿಯ ಕಡಿತ ಸಾಕು ಎನ್ನಬಹುದು.

ಗೆದ್ದರೆ ಏನು ಸಿಗುತ್ತದೆ? ವಾಪಸ್ ಕೆಲಸ, ಸೇವೆಯ ಮುಂದುವರಿಕೆ, ಹಿಂಬಾಕಿ. ಅನ್ಯಾಯದ ವಜಾಕ್ಕೆ ಪೂರ್ತಿ ಹಿಂಬಾಕಿಯೇ ಸಾಮಾನ್ಯ ನಿಯಮ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ನಡುವೆ ಬೇರೆ ಕಡೆ ಅಷ್ಟೇ ದುಡಿಮೆ ಇರಲಿಲ್ಲ ಎಂದು ಕಾರ್ಮಿಕ ಹೇಳಲೇಬೇಕು. ಹೇಳಿದ ಮೇಲೆ ಇತ್ತು ಎಂದು ತೋರಿಸುವುದು ಮಾಲೀಕನ ಪಾಲು. ದಿನಗೂಲಿಯವರ ಕೇಸಿನಲ್ಲಿ, ನೋಟಿಸು ಕೊಡದ್ದಷ್ಟೇ ದೋಷವಾಗಿದ್ದರೆ, ಈಚಿನ ವರ್ಷಗಳಲ್ಲಿ ಕೋರ್ಟುಗಳು ವಾಪಸ್ ಕೆಲಸದ ಬದಲು ಒಟ್ಟು ಮೊತ್ತದ ಪರಿಹಾರದ ಕಡೆ ವಾಲಿವೆ. ಕಿರಿಯರನ್ನು ಉಳಿಸಿಕೊಂಡು ಹಿರಿಯನನ್ನು ತೆಗೆದಿದ್ದರೆ ಮಾತು ಬೇರೆ.

ತೀರ್ಪು ಬಂದ ಮೇಲೆ ಕಂಪನಿ ಹೈಕೋರ್ಟಿಗೆ ಹೋಗುವುದು ಬಹುತೇಕ ಖಚಿತ. ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. ವಾಪಸ್ ತೆಗೆದುಕೊಳ್ಳಿ ಎಂಬ ಆದೇಶವನ್ನು ಕಂಪನಿ ಅಲ್ಲಿ ಪ್ರಶ್ನಿಸಿದರೆ, ಕೇಸು ಮುಗಿಯುವ ತನಕ ಕಾರ್ಮಿಕನಿಗೆ ಕೊನೆಯ ಸಂಬಳವನ್ನು ತಿಂಗಳು ತಿಂಗಳು ಕೊಡಬೇಕು. ಹಳೆ ಕಾಯ್ದೆಯ 17ಬಿ ಎಂದು ಎಲ್ಲ ವಕೀಲರ ಬಾಯಲ್ಲಿರುವುದು ಇದೇ, ಹೊಸ ಸಂಹಿತೆಯಲ್ಲೂ ಉಳಿದಿದೆ. ತಾನಾಗಿ ಬರುವುದಿಲ್ಲ, ಬೇರೆಲ್ಲೂ ಕೆಲಸವಿಲ್ಲ ಎಂಬ ಅಫಿಡವಿಟ್ ಹಾಕಿ ಕೇಳಬೇಕು. ಕಂಪನಿಗೆ ತಡೆಯಾಜ್ಞೆ ಸಿಕ್ಕ ಸುದ್ದಿ ಕೇಳಿ ಎದೆಗುಂದಿ ಊರಿಗೆ ಹೋದವರು ಈ ಅರ್ಜಿ ಹಾಕದೇ ವರ್ಷಗಟ್ಟಲೆ ಸಂಬಳ ಕಳೆದುಕೊಳ್ಳುತ್ತಾರೆ. ತಿಂಗಳು ತಿಂಗಳು ಸಂಬಳ ಕೊಡಬೇಕಾಗಿ ಬಂದಾಗ ಕಂಪನಿಯ ವಕೀಲರು ತಾವಾಗಿಯೇ ರಾಜಿಯ ಮಾತು ಎತ್ತುವುದೂ ಉಂಟು, ಆಗ ಮಾತು ಶುರುವಾಗುವ ಮೊತ್ತ ಗೇಟಿನ ಹೊರಗೆ ಹೇಳಿದ ಐವತ್ತು ಸಾವಿರ ಆಗಿರುವುದಿಲ್ಲ.